ಪರಸಿ ಕಲ್ಲಿನ ಸಂದಿಯಲ್ಲಿ ಪಾದರಸ

ನನ್ನ ಕೈ ಮೊದಲ ಸಲ ನಡುಗಿದ್ದು ಯಾವಾಗ ಎಂದು ವಿಜಯಪುರದ ಡಾಕ್ಟರು ಕೇಳಿದಾಗ, ಮೂಗುತಿಗೆ ಹರಳು ಕೂಡಿಸುವಾಗ ಎಂದೆ. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಗಂಗಾ ಒಪ್ಪಲಿಲ್ಲ. ಅದಕ್ಕೂ ಎಷ್ಟೋ ಮೊದಲೇ ಚಹಾದ ಬಸಿ ನನ್ನ ಕೈಯಲ್ಲಿ ಕಟಕಟ ಎನ್ನುತ್ತಿತ್ತಂತೆ. ಊರಿಗೆ ತಿರುಗಿ ಬರುವಾಗ ಬಸ್ಸಿನಲ್ಲಿ ಮೂರನೆಯದೊಂದು ಹೊಳೆಯಿತು: ಮಗಳ ನೋಟ್‌ಬುಕ್ಕಿನ ಮೇಲೆ ಹೆಸರು ಬರೆದುಕೊಡುವಾಗ ಅಕ್ಷರಗಳು ಅಂಕುಡೊಂಕಾಗಿ ಬಂದು ಅವಳು ನಕ್ಕದ್ದು. ಗಂಗಾ ಹೇಳುವ ಪ್ರಕಾರ ಅದೂ ಸುಳ್ಳು. ಆ ಹೆಸರು ಬರೆದವಳು ಅವಳು.

ಆ ವರ್ಷದ ನನ್ನ ನೆನಪು ಬೆಸುಗೆ ಬಿಟ್ಟ ಸರದ ಹಾಗೆ. ಕೊಂಡಿಗಳೆಲ್ಲ ಇವೆ, ಯಾವುದರ ಪಕ್ಕ ಯಾವುದು ಎಂದು ಹೇಳಲಾರೆ. ಆದ್ದರಿಂದ ಇಲ್ಲಿಯ ಪ್ರತಿ ಪುಟವನ್ನೂ ಗಂಗಾ ಓದಿದ್ದಾಳೆ. ಅವಳು ಒಪ್ಪದ ಕಡೆ ಅವಳ ಮಾತನ್ನೂ ಇಟ್ಟಿದ್ದೇನೆ. ಇದು ನನ್ನ ಕೈಯ ಕಥೆ ಎಂದು ಮೊದಲು ನಾನೂ ತಿಳಿದಿದ್ದೆ. ಆದರೆ ನಮ್ಮನ್ನು ನಿಜವಾಗಿ ಹಿಂಡಿದ ಪ್ರಶ್ನೆ ಬೇರೆಯಾಗಿತ್ತು: ಒಂಬತ್ತು ವರ್ಷದ ನನ್ನ ಮಗಳು ಸೃಷ್ಟಿಯ ಮೈಯಲ್ಲಿ ಎಷ್ಟು ಪಾದರಸ ಸೇರಿದೆ, ಅದು ಎಲ್ಲಿಂದ ಬರುತ್ತಿದೆ?

ನಾವು ಬಸವನ ಬಾಗೇವಾಡಿಯ ಪತ್ತಾರರು. ಬಂಗಾರದ ಕೆಲಸ. ಬಜಾರಿನಲ್ಲಿ ಇಬ್ಬರು ಕೂತರೆ ಮೂರನೆಯವನು ಹೊರಗೆ ನಿಲ್ಲಬೇಕಾದಷ್ಟು ಚಿಕ್ಕ ಅಂಗಡಿ. ಕೈ ನಡುಕ ಬರುವ ಮೊದಲು ಒಸಡು ಬಾತಿತ್ತು. ಬಾಯಲ್ಲಿ ಸದಾ ತಾಮ್ರದ ದುಡ್ಡು ಇಟ್ಟುಕೊಂಡಂಥ ರುಚಿ. ಹಲ್ಲಿನ ಡಾಕ್ಟರು ಎರಡು ಹಲ್ಲು ಕಿತ್ತರು. ಆಮೇಲೆ ನಿದ್ದೆ ಹೋಯಿತು, ಸಿಟ್ಟು ಬಂತು. ಸಿಟ್ಟಿಗಿಂತ ವಿಚಿತ್ರವಾದದ್ದು ನಾಚಿಕೆ. ಇಪ್ಪತ್ತು ವರ್ಷದಿಂದ ಬರುತ್ತಿದ್ದ ಗಿರಾಕಿ ಎದುರು ಕೂತು ನನ್ನ ಕೈ ನೋಡಿದರೆ ಮೈ ಬೆವರುತ್ತಿತ್ತು. ಯಾರಾದರೂ ನೋಡಿದಷ್ಟೂ ಬೆರಳು ಹೆಚ್ಚು ಕುಣಿಯುತ್ತಿತ್ತು. ಹಗಲಲ್ಲೇ ಶಟರ್ ಅರ್ಧ ಎಳೆದು ಒಳಗೆ ಕೂರತೊಡಗಿದೆ.

ಪಕ್ಕದ ಅಂಗಡಿಯ ಮೈಬೂಬ ಪಾಲಿಶ್ ಕೆಲಸದವನು. ನಾವಿಬ್ಬರೂ ಒಂದೇ ಸಾಲಿಯಲ್ಲಿ ಓದಿದವರು. ಶಟರಿನ ಕೆಳಗೆ ಬಗ್ಗಿ ಅವನೇ ಹೇಳಿದ.

"ಮೌನೇಶಣ್ಣ, ಬಜಾರದಾಗ ಏನ್ ಸುದ್ದಿ ಐತಿ ಗೊತ್ತೈತೇನು? ನೀ ಕುಡಿಯಾಕ ಹತ್ತೀಯಂತ."

"ನೀ ಏನಂದಿ?"

"ಕುಡದಿದ್ರ ನನ್ನ ಕರೀತಿದ್ದ ಅಂದ್ನಿ."

ನಕ್ಕೆವು. ನಕ್ಕಾಗ ನನ್ನ ತುಟಿಯೂ ನಡುಗಿದ್ದನ್ನು ಅವನು ನೋಡಿದ. ಮರುದಿನ ವಿಜಯಪುರಕ್ಕೆ ಹೋಗು ಎಂದು ಬೆನ್ನು ಹತ್ತಿದವನು ಅವನೇ.

ಕಾಯುವ ಕೋಣೆಯಲ್ಲಿ ಗೋಡೆಗೆ ಹತ್ತಿದ ಒಂದು ಬೆಂಚಿತ್ತು. ಅದರ ಮೇಲೆ ಕೂತವರೆಲ್ಲ ಏನನ್ನಾದರೂ ಹಿಡಿದುಕೊಂಡಿದ್ದರು: ಕೋಲು, ಚೀಲ, ಒಬ್ಬರ ಕೈಯನ್ನು ಇನ್ನೊಬ್ಬರು. ನನ್ನ ಪಾಳಿ ಬಂದಾಗ ಡಾಕ್ಟರು ಕಾಗದ ಕೊಟ್ಟು ಒಂದು ಸುರುಳಿ ಬರೆಯಲು ಹೇಳಿದರು. ನಾನು ಬರೆದದ್ದು ಗರಗಸದ ಹಲ್ಲಿನ ಹಾಗಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿ, "ಪಾದರಸ ಮುಟ್ಟತೀರೇನ್ರಿ?" ಎಂದರು.

"ಮುಟ್ಟದ ಹೆಂಗ್ರಿ ಸರ್? ನಾವು ಪತ್ತಾರ್ರು."

ಅವರು ನಗಲಿಲ್ಲ.

ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಪೂರ್ತಿ ಒಂದು ಕ್ಯಾನಿನಲ್ಲಿ ಹಿಡಿದು ತರಬೇಕಾಗಿತ್ತು. ಮನಗೂಳಿ ದಾಟುವ ತನಕ ಆ ಕ್ಯಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಕಂಡಕ್ಟರ್ ಪರಿಚಯದವನು.

"ಏನ್ರಿ ಪತ್ತಾರ್ರ, ತುಪ್ಪ ಬೀಗರ ಮನೀಗೇನು?"

"ಅಲ್ಲಪಾ, ಡಾಕ್ಟರ್‌ಗೆ."

"ಪುಣ್ಯವಂತ ಡಾಕ್ಟರ್ ಬಿಡ್ರಿ."

ಗಂಗಾ ಸೆರಗು ಬಾಯಿಗೆ ಒತ್ತಿಕೊಂಡು ಕಿಡಕಿಯ ಕಡೆ ತಿರುಗಿದಳು. ಆ ಇಡೀ ವರ್ಷದಲ್ಲಿ ಅವಳು ಹಾಗೆ ನಕ್ಕದ್ದು ಅದೊಂದೇ ಸಲ. ಇದನ್ನು ಅವಳೂ ಒಪ್ಪುತ್ತಾಳೆ.

ಎಂಟು ದಿನಕ್ಕೆ ವರದಿ ಬಂತು. ಅಂಗಡಿಯಲ್ಲಿ ಒಂದು ಹನಿ ಪಾದರಸವೂ ಇರಬಾರದು, ನೀವೂ ಅಲ್ಲಿ ಕೂರಬಾರದು ಎಂದರು ಡಾಕ್ಟರು. ಕೊಟ್ಟ ಗುಳಿಗೆಗಳ ಡಬ್ಬಿ ತೆರೆದರೆ ಕೊಳೆತ ತತ್ತಿಯ ವಾಸನೆ. ಅಂಗಡಿ ಬಂದ್ ಮಾಡಿ ಮನೆಯಲ್ಲಿ ಕೂತೆ. ಗುಳಿಗೆ ನುಂಗುವ ದಿನಗಳಲ್ಲಿ ಮೂತ್ರದಲ್ಲಿ ಪಾದರಸ ಹೆಚ್ಚೇ ಕಾಣುತ್ತದೆ, ಆಮೇಲೆ ಇಳಿಯಬೇಕು ಎಂದು ಅವರು ಮೊದಲೇ ಹೇಳಿದ್ದರು. ಗುಳಿಗೆ ಮುಗಿದು ತಿಂಗಳಾದ ಮೇಲೆ ಮತ್ತೆ ಕ್ಯಾನು, ಮತ್ತೆ ಬಸ್ಸು. ಇಳಿದಿರಲಿಲ್ಲ.

"ಇನ್ನೂ ಎಲ್ಲಿಂದನೋ ಒಳಗ ಬರಾಕತ್ತೈತ್ರಿ," ಎಂದರು ಡಾಕ್ಟರು. "ಮನ್ಯಾಗ ಯಾರ್ಯಾರ ಅದಾರ?"

ಅಪ್ಪ, ಗಂಗಾ, ಮಗಳು ಎಂದೆ. ಮಗಳ ವಯಸ್ಸು ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. "ಅಕೀದೂ ಮಾಡಸ್ರಿ. ನಾಳೇನ."

ಆ ಸಂಜೆ ಸೃಷ್ಟಿ ಸಾಲಿಯಿಂದ ಬಂದು, ಚೀಲ ಒಗೆದು, ನೀರು ಕುಡಿಯುತ್ತ ನನ್ನ ಎದುರು ನಿಂತಳು. ಬಿಸಿಲು ಅವಳ ಕಿವಿಯ ಮೇಲೆ ಬಿದ್ದಿತ್ತು. ನಾನೇ ಮಾಡಿದ ಬೆಂಡೋಲೆ. ಅದರ ಅಂಚಿಗೆ ಜೋಳದ ಕಾಳಿನ ಅರ್ಧದಷ್ಟು ಜಾಗ ಬೆಳ್ಳಗಾಗಿತ್ತು. ಮೊದಲು ಸಾಬೂನು ಎಂದುಕೊಂಡೆ. ಹೆಬ್ಬೆರಳಿನಿಂದ ತಿಕ್ಕಿದೆ. ಹೋಗಲಿಲ್ಲ. ಬಂಗಾರಕ್ಕೆ ಆ ಬಿಳುಪು ತರುವ ವಸ್ತು ನಮ್ಮ ಕಸುಬಿನಲ್ಲಿ ಒಂದೇ. ಡಾಕ್ಟರಿಗೆ ಎಂಟು ದಿನ ಬೇಕಾದ ಉತ್ತರ ನನಗೆ ಮಗಳ ಕಿವಿಯಲ್ಲಿ ಒಂದು ಕ್ಷಣಕ್ಕೆ ಸಿಕ್ಕಿತು.

"ಎಲ್ಲಿ ಆಟ ಆಡತಿ ನೀ?" ಎಂದೆ. ದನಿ ಏರಿತ್ತು.

"ಮುತ್ಯಾನ ಖೋಲ್ಯಾಗ," ಎಂದಳು, ನನ್ನ ಅಪ್ಪನ ಕೋಣೆಯ ಕಡೆ ಕೈ ತೋರಿಸಿ. "ಮುತ್ಯಾ ಬೆಳ್ಳಿ ನೀರು ಆಡಸ್ತಾನ. ತಾಟಿನ್ಯಾಗ ಬಿಟ್ರ ಮಣಿಮಣಿ ಆಗಿ ಓಡತಾವ."

ಪತ್ತಾರರ ಮನೆಯ ಒಂದು ರೂಢಿ ಇಲ್ಲಿ ಹೇಳಬೇಕು. ಅಂಗಡಿಯ ಕಸವನ್ನು ನಾವು ಹೊಸ್ತಿಲ ಹೊರಗೆ ಗುಡಿಸುವುದಿಲ್ಲ, ಒಳಕ್ಕೆ ಗುಡಿಸುತ್ತೇವೆ. ಅರ ಹಾಕಿದಾಗ ಉದುರಿದ ಬಂಗಾರದ ಪುಡಿ ಅದರಲ್ಲಿರುತ್ತದೆ. ಕೈ ತೊಳೆದ ನೀರು, ಸವೆದ ಚಾಪೆ, ಕೂತು ಹರಿದ ಗಾದಿ, ಯಾವುದೂ ಹೊರಗೆ ಹೋಗುವುದಿಲ್ಲ. ಎಲ್ಲವನ್ನೂ ಸುಟ್ಟು ಬೂದಿ ಮಾಡಿ ಗಡಿಗೆಯಲ್ಲಿ ತುಂಬಿಡುತ್ತೇವೆ. ಕೆಲವು ವರ್ಷಕ್ಕೊಮ್ಮೆ ಆ ಬೂದಿಯನ್ನು ತೊಳೆದು, ಪಾದರಸ ಕೂಡಿಸಿ, ಬಟ್ಟೆಯಲ್ಲಿ ಹಿಂಡಿ, ಉಳಿದ ಉಂಡೆಯನ್ನು ಕಾಸಿದರೆ ಪಾದರಸ ಹಾರಿ ಬಂಗಾರ ನಿಲ್ಲುತ್ತದೆ. ಗಾಳಿಗೆ ಬೂದಿ ಹಾರಬಾರದೆಂದು ಆಗ ಕಿಡಕಿ ಬಾಗಿಲು ಮುಚ್ಚುತ್ತೇವೆ. ಕಸ ಚೆಲ್ಲುವವನು ಪತ್ತಾರನೇ ಅಲ್ಲ ಎಂದು ಅಪ್ಪ ನನಗೆ ಕಲಿಸಿದ್ದ. ಅವನಿಗೆ ಅವನಪ್ಪ.

ಅಂಗಡಿ ಬಂದ್ ಆದ ಮೇಲೆ ಅಪ್ಪ ಮಧ್ಯಾಹ್ನದ ಹೊತ್ತು ತನ್ನ ಕೋಣೆಯಲ್ಲಿ ಹಳೆಯ ಗಡಿಗೆ ತೆಗೆದು ತೊಳೆಯಲು ಕೂರುತ್ತಿದ್ದ. ನಾನು ಗೋಡೆಯ ಈ ಕಡೆ, ರೋಗ ಕಳೆಯಲೆಂದು ಮಲಗಿರುತ್ತಿದ್ದೆ.

ಒಳಗೆ ಹೋದೆ. ಏನೇನು ಕೂಗಿದೆನೋ ನೆನಪಿಲ್ಲ. ಅಪ್ಪನ ಉತ್ತರ ಮಾತ್ರ ನೆನಪಿದೆ. ಎಪ್ಪತ್ತಾರರ ಅವನು ಎರಡೂ ಕೈ ನನ್ನ ಮುಖದ ಮುಂದೆ ಚಾಚಿದ. ಒಂದು ಬೆರಳೂ ಅಲುಗಲಿಲ್ಲ.

"ಅರವತ್ತ ವರ್ಷ ಮುಟ್ಟೇನಿ ಇದನ್ನ. ಏನಾಗೇತಿ ನೋಡು. ನಿನ್ನ ಕೈ ನಡಗಿದ್ರ ಪಾದರಸದ ಮ್ಯಾಲ ಯಾಕ ಹಾಕತಿ?"

"ಬಾಟ್ಲಿ ಎಲ್ಲಿಂದ ಬಂತು? ಅಂಗಡ್ಯಾಗಿಂದು ಕದ್ದು ತಂದ್ಯಾ?"

ಈ ಕಥೆಯನ್ನು ಮೊದಲ ಸಲ ಬರೆದಾಗ ನಾನು ಇಲ್ಲಿ, ಅಪ್ಪ ತನ್ನಲ್ಲಿದ್ದ ಕೀಲಿಯಿಂದ ಅಂಗಡಿ ತೆಗೆದು ಬಾಟ್ಲಿ ತಂದಿದ್ದ ಎಂದು ಬರೆದೆ. ನನಗೆ ಅದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು: ಅವನ ಧೋತರದ ಮಡಿಕೆ, ಬಾಟ್ಲಿಯ ಭಾರಕ್ಕೆ ವಾಲಿದ ಹೆಗಲು. ಎಲ್ಲ ಸುಳ್ಳು. ಬಾಗಿಲಲ್ಲಿ ನಿಂತಿದ್ದ ಸೃಷ್ಟಿ ಆಗ ಹೇಳಿದ್ದು ಇದು:

"ಮುತ್ಯಾ ಅಲ್ಲ, ನೀವ ತಂದ್ರಿ ಪಪ್ಪಾ. ಹೆಲ್ಮೆಟ್‌ನ್ಯಾಗ ಇಟಗೊಂಡು. ಅಂಗಡ್ಯಾಗ ಇಡಬ್ಯಾಡ ಅಂತ ಡಾಕ್ಟರ್ ಅಂದಾನ, ಇದನ್ನ ಚೊಲೋತನಾಗಿ ಇಟಗೋ ಅಂತ ಮುತ್ಯಾನ ಕೈಯಾಗ ಕೊಟ್ರಿ."

ಗಂಗಾಳ ಮುಖ ನೋಡಿದೆ. ಅವಳು ತಲೆ ತಗ್ಗಿಸಿದಳು. ಅವಳಿಗೂ ಗೊತ್ತಿತ್ತು. ಬಾಟ್ಲಿಯಲ್ಲಿ ಮುಚ್ಚಿಟ್ಟದ್ದು ಏನು ಮಾಡೀತು ಎಂದು ಸುಮ್ಮನಿದ್ದಳು. ಡಾಕ್ಟರು ಅಂಗಡಿಯಲ್ಲಿ ಇರಬಾರದು ಎಂದಿದ್ದರು. ನಾನು ಅಂಗಡಿಯಲ್ಲಿ ಇಡಲಿಲ್ಲ. ಚೆಲ್ಲಲು ಬಾರದ ಮನೆತನದವನು ಇನ್ನೆಲ್ಲಿಗೆ ಒಯ್ದಾನು? ಆ ಮಧ್ಯಾಹ್ನ ನನಗೆ ಇಂದಿಗೂ ನೆನಪಿಲ್ಲ. ಮಗಳ ಮಾತಿನ ಮೇಲೆ ಒಪ್ಪಿಕೊಂಡಿದ್ದೇನೆ.

"ಮೊದಲ ಹೊರಗ ಒಗೀರಿ ಅದನ್ನ," ಎಂದಳು ಗಂಗಾ.

ಬಾಟ್ಲಿ ಹಿಡಿದು ಹಿತ್ತಲಿಗೆ ಬಂದೆ. ಎಲ್ಲಿ ಒಗೆಯಲಿ? ಗಟಾರ ಮೈಬೂಬನ ಓಣಿಯ ಮುಂದೆ ಹಾದು ಹೋಗುತ್ತದೆ. ಕಸದ ಗಾಡಿಯವಳು ಬರಿಗೈಯಲ್ಲಿ ಕಸ ಆರಿಸುತ್ತಾಳೆ. ಹಿತ್ತಲಲ್ಲಿ ಹುಗಿದರೆ ಪಕ್ಕದಲ್ಲೇ ಬೋರ್. ಹತ್ತು ನಿಮಿಷವೋ ಒಂದು ತಾಸೋ ನಿಂತೇ ಇದ್ದೆ. ಹೊರಗೆ ಎಂಬ ಜಾಗ ನನಗೆ ಕಾಣಲಿಲ್ಲ. ಕಡೆಗೆ ಮೈಬೂಬ ತನ್ನ ಪರಿಚಯದವರಿಂದ ಜಿಲ್ಲೆಯ ಪರಿಸರ ಕಚೇರಿಯ ನಂಬರ್ ತಂದು ಫೋನು ಹಚ್ಚಿದ. ಮಾತಾಡಿದ ಹೆಣ್ಣುಮಗಳು ಅವಸರ ಮಾಡಲಿಲ್ಲ. ಬಾಟ್ಲಿಯಲ್ಲಿ ಪಾದರಸದ ಮೇಲೆ ನೀರು ನಿಲ್ಲಿಸಿ ಬಿಗಿಯಾಗಿ ಮುಚ್ಚಿ, ಅದನ್ನು ಇನ್ನೊಂದು ಮುಚ್ಚಳದ ಡಬ್ಬಿಯಲ್ಲಿಡಿ, ಬೂದಿಯ ಗಡಿಗೆಯನ್ನೂ ಹಾಗೇ ಮಾಡಿ, ಎಲ್ಲದಕ್ಕೂ ಚೀಟಿ ಹಚ್ಚಿ ಬೀಗ ಹಾಕಿದ ಅಂಗಡಿಯಲ್ಲಿಡಿ ಎಂದರು. ಇಂಥದ್ದನ್ನು ಒಯ್ಯಲು ಪರವಾನಗಿ ಇದ್ದ ಗಾಡಿ ಬರುತ್ತದೆ. ಆದರೆ ಒಂದು ಬಾಟ್ಲಿಗೆ ಬರುವುದಿಲ್ಲ, ನಿಮ್ಮ ಕಸುಬಿನವರನ್ನೆಲ್ಲ ಕೂಡಿಸಿ ಎಂದರು. ಕೋಣೆಗೆ ಕಸಬರಿಗೆ ಹಚ್ಚಬೇಡಿ ಎಂದು ಎರಡು ಸಲ ಹೇಳಿದರು.

ಮರುದಿನ ಮಗಳ ಕ್ಯಾನನ್ನು ವಿಜಯಪುರಕ್ಕೆ ಮುಟ್ಟಿಸಿ, ಅವಳನ್ನು ಮಸೂತಿ ಊರಿನ ತನ್ನ ತವರಿನಲ್ಲಿ ಬಿಟ್ಟು ಬಂದ ಗಂಗಾ ಬ್ಯಾಟರಿ ಹಿಡಿದು ಅಪ್ಪನ ಕೋಣೆಯ ನೆಲದ ಮೇಲೆ ಬೋರಲು ಮಲಗಿದಳು. ನಮ್ಮದು ಚಪ್ಪಟೆ ಪರಸಿ ಕಲ್ಲು ಜೋಡಿಸಿದ ನೆಲ. ಬೆಳಕು ಅಡ್ಡ ಬಿದ್ದಾಗ ಕಲ್ಲು ಕಲ್ಲಿನ ಸಂದಿಯಲ್ಲೂ ಸಣ್ಣ ಸಣ್ಣ ಮಣಿಗಳು ಹೊಳೆದವು. ಸಾಲಾಗಿ, ಕೋಣೆಯ ತುಂಬ. ಎರಡು ದಪ್ಪ ಕಾಗದದ ನಡುವೆ ಒಂದೊಂದನ್ನೇ ಒತ್ತಿ ಹಿಡಿದು, ಹಿಡಿಯಲು ಬಾರದ್ದನ್ನು ಅಂಟುಪಟ್ಟಿಯಿಂದ ಎತ್ತಿ ಡಬ್ಬಿಗೆ ಹಾಕಿದೆವು. ಅಂದರೆ ಅವಳು ಮತ್ತು ಮೈಬೂಬ. ನನ್ನನ್ನು ಒಳಗೆ ಬಿಡಲಿಲ್ಲ. ನನ್ನ ಕೈ ಮಣಿಗಳನ್ನು ಓಡಿಸುತ್ತಿತ್ತು. ಎರಡು ದಿನ ಬಾಗಿಲಲ್ಲಿ ಕೂತು ನೋಡಿದೆ.

ಎಂಟನೆಯ ದಿನ ಸೃಷ್ಟಿಯ ವರದಿ ಬಂತು. ನನ್ನದಕ್ಕಿಂತ ಕಡಿಮೆ, ಅವಳ ವಯಸ್ಸಿಗೆ ಇರಬಾರದಷ್ಟು ಹೆಚ್ಚು. ಈಗಲೇ ಗುಳಿಗೆ ಬೇಡ, ಮನೆ ಸ್ವಚ್ಛವಾಗಿದ್ದರೆ ತಾನಾಗಿ ಇಳಿಯುತ್ತದೆ, ಇಳಿಯದಿದ್ದರೆ ನೋಡೋಣ ಎಂದರು ಡಾಕ್ಟರು. ಅಪ್ಪನ ಕೋಣೆಗೆ ಬೀಗ ಹಾಕಿ, ಅವನ ಹಾಸಿಗೆಯನ್ನು ಪಡಸಾಲೆಗೆ ತಂದು, ಮಗಳನ್ನು ಮನೆಗೆ ಕರೆತಂದೆವು. ಆ ದಿನಗಳಲ್ಲಿ ಅವಳು ಪೆನ್ಸಿಲ್ ಹಿಡಿದಾಗಲೆಲ್ಲ ನಾನೂ ಗಂಗಾ ಬೇರೆ ಬೇರೆ ಮೂಲೆಯಿಂದ ಅವಳ ಬೆರಳು ನೋಡುತ್ತಿದ್ದೆವು. ಒಮ್ಮೆ ಅವಳು ಸಿಟ್ಟಿಗೆದ್ದು ಪೆನ್ಸಿಲ್ ಒಗೆದಳು. ಅದು ಮಕ್ಕಳ ಸಿಟ್ಟೋ, ನನ್ನದರಂಥ ಸಿಟ್ಟೋ? ಯಾರನ್ನು ಕೇಳುವುದು?

ಸುಮ್ಮನೆ ಕೂರಲಾಗದೆ ಮೈಬೂಬನ ಗಾಡಿಯ ಹಿಂದೆ ಕೂತು ಮನೆಯಲ್ಲಿದ್ದ ಪಾದರಸ ಕೊಡಿ ಎಂದು ಕೇಳಲು ಬೇರೆ ಊರುಗಳ ಪತ್ತಾರರ ಕಡೆ ಹೊರಟೆ. ಮುದ್ದೇಬಿಹಾಳದಲ್ಲಿ ಅಪ್ಪನ ವಯಸ್ಸಿನವರೊಬ್ಬರು ಮಾತು ಮುಗಿಯುವ ಮೊದಲೇ ನಕ್ಕರು.

"ಕಸ ಕೊಡ್ರಿ ಅಂತ ಬಂದೀಯಲ್ಲೋ ತಮ್ಮಾ. ಬಂಗಾರ ಕೊಡ್ರಿ ಅಂತ ನೇರ ಕೇಳಾಕ ನಾಚಿಕಿ ಬಂತೇನು?"

"ಕಾಕಾ, ಬಂಗಾರ ನಿಮಗ ಇರ್ಲಿ. ಪಾದರಸದ ಬಾಟ್ಲಿ ಅಷ್ಟ ಕೊಡ್ರಿ," ಎಂದ ಮೈಬೂಬ.

"ಕೊಟ್ಟು? ನಾಳೆ ನಮ್ಮ ಮನೀಗೆ ಸರಕಾರದವ್ರು ಬರ್ತಾರ. ಚಹಾ ಕುಡದು ನಡೀರಿ."

ಇಂಡಿಯಲ್ಲಿ ನನಗಿಂತ ಚಿಕ್ಕವನೊಬ್ಬ, ಇದೆಲ್ಲ ಸುಳ್ಳು, ನಮಗೇನೂ ಆಗಿಲ್ಲ ಎಂದು ವಾದಿಸಿದ. ಚಹಾದ ಗ್ಲಾಸನ್ನು ಅವನು ಎರಡೂ ಕೈಯಿಂದ ಹಿಡಿದಿದ್ದ. ನಾನು ಏನೂ ಹೇಳದೆ ನನ್ನ ಗ್ಲಾಸನ್ನು ಒಂದೇ ಕೈಯಲ್ಲಿ ಎತ್ತಿದೆ. ಅದು ಹಲ್ಲಿಗೆ ಬಡಿದು ಚಹಾ ಅಂಗಿಯ ಮೇಲೆ ಚೆಲ್ಲಿತು. ಅವನು ನೋಡಿದ. ಅವನ ಹೆಂಡತಿಯೂ ಬಾಗಿಲ ಮರೆಯಿಂದ ನೋಡಿದಳು. ಆರು ದಿನ ಬಿಟ್ಟು ಫೋನು ಮಾಡಿದವಳು ಅವಳು. ಸಿಂದಗಿಯಲ್ಲಿ ಇಬ್ಬರು ತಾವಾಗಿ ಒಪ್ಪಿದರು. ಮೈಬೂಬ ಪಾಲಿಶಿಗೆ ಬಳಸಿದ ತೇಜಾಬಿನ, ಅಂದರೆ ಆ್ಯಸಿಡ್ಡಿನ, ಹಳೆಯ ಕ್ಯಾನುಗಳನ್ನೂ ಪಟ್ಟಿಗೆ ಸೇರಿಸಿದ. "ಇಷ್ಟು ದಿನ ಎಲ್ಲಿ ಚೆಲ್ಲತಿದ್ದಿ ಅಂತ ಮಾತ್ರ ಕೇಳಬ್ಯಾಡ," ಎಂದ. ಕೇಳಲಿಲ್ಲ. ನಮ್ಮ ಅಂಗಡಿಯ ಹಿಂದಿನ ಗಟಾರದ ಸಿಮೆಂಟು ಯಾಕೆ ತಿಂದುಹೋಗಿದೆ ಎಂದು ಇಬ್ಬರಿಗೂ ಗೊತ್ತಿತ್ತು.

ಎರಡು ತಿಂಗಳಿಗೆ ಮತ್ತೆ ಪರೀಕ್ಷೆ. ನನ್ನದು ಇಳಿದಿತ್ತು. ಮೊದಲ ಸಲ, ಕಣ್ಣಿಗೆ ಕಾಣುವಷ್ಟು. ಸೃಷ್ಟಿಯದು ಏರಿತ್ತು.

ವರದಿಯನ್ನು ಗಂಗಾ ಪಡಸಾಲೆಯಲ್ಲಿ ಓದಿದಳು. ಓದಿ, ಮತ್ತೆ ಓದಿದಳು. ಮಗಳು ಸಾಲಿಗೆ ಹೋಗಿದ್ದಳು. ಬೀಗ ಹಾಕಿದ ಕೋಣೆ ಬೀಗ ಹಾಕಿದಂತೆಯೇ ಇತ್ತು. ಅಡುಗೆಮನೆಯ ಡಬ್ಬಿಗಳನ್ನು ಕೆಳಗಿಳಿಸಿದೆವು, ದೇವರ ಜಗಲಿಯ ಮೇಲಿನ ಮೂರ್ತಿಗಳನ್ನು ಎತ್ತಿ ನೋಡಿದೆವು, ಅವಳ ಪುಸ್ತಕಗಳನ್ನು ಒಂದೊಂದಾಗಿ ಜಾಡಿಸಿದೆವು. ಗಂಗಾ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಡಬ್ಬಿ ತೆಗೆದು ಇಡುವ ಸಪ್ಪಳ ಮಾತ್ರ. ಅಪ್ಪ ಹಾಸಿಗೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದ.

"ಮಾವಾರ," ಎಂದಳು ಗಂಗಾ, ಅವನ ಕಡೆ ತಿರುಗದೆ, "ಅಕಿ ಮೈಯಾಗ ಏರೈತ್ರಿ."

ಗೋಡೆಯ ಗಡಿಯಾರದ ಸದ್ದು ಕೇಳಿದ್ದು ನನಗೆ ನೆನಪಿದೆ. ಆ ಗೋಡೆಯ ಮೇಲೆ ಗಡಿಯಾರ ಇರಲೇ ಇಲ್ಲ ಎನ್ನುತ್ತಾಳೆ ಗಂಗಾ. ಅಪ್ಪ ಎದ್ದದ್ದರಲ್ಲಿ ಮಾತ್ರ ನಮ್ಮಿಬ್ಬರ ನಡುವೆ ಭೇದವಿಲ್ಲ.

"ಇನ್ನೊಂದೈತಿ," ಎಂದ ಅಪ್ಪ.

ನಡುಮನೆಗೆ ಹೋಗಿ, ಮಗಳು ಮಲಗುವ ಮಂಚದ ಕೆಳಗಿನ ಟ್ರಂಕನ್ನು ಎಳೆದ. ಅದರಲ್ಲಿ ಅವಳಿಗೆ ಸಣ್ಣವಾದ ಲಂಗಗಳಿದ್ದವು. ಲಂಗಗಳ ಕೆಳಗೆ ಬಾಯಿಗೆ ಬಟ್ಟೆ ಕಟ್ಟಿದ ಹಿತ್ತಾಳೆಯ ತಂಬಿಗೆ. ಒಳಗೆ ಹಿಂಡಿ ತೆಗೆದ ಉಂಡೆ, ಇನ್ನೂ ಕಾಸಿರಲಿಲ್ಲ, ಪಾದರಸ ಅದರಲ್ಲೇ ಇತ್ತು. ನಾನು ಬಾಟ್ಲಿಗೆ ಕೂಗಾಡಿದ ದಿನವೇ ಅದನ್ನು ಅಲ್ಲಿಟ್ಟಿದ್ದ. ಎರಡು ತಿಂಗಳಿಗೂ ಹೆಚ್ಚು ಕಾಲ ಅವಳು ಅದರ ಮೇಲೆ ಮಲಗಿದ್ದಳು.

"ಅಕೀ ಬೋರಮಾಳ ಸರಕ್ಕ ಅಂತ ಇಟ್ಟಿದ್ನಿ," ಎಂದ. "ಬಟ್ಟಿ ಕಟ್ಟಿದ್ರ ಸಾಕು ಅಂದ್ಕೊಂಡಿದ್ನಿ. ನನ್ನ ಕೈ ನಡಗಲಿಲ್ಲಲ್ಲ, ಅದಕ್ಕ..." ಟ್ರಂಕಿನ ಮುಚ್ಚಳ ಹಾಕಿ, "ನನಗೂ ಒಂದು ಕ್ಯಾನ್ ಕೊಡವಾ ಗಂಗಾ," ಎಂದ.

ತಂಬಿಗೆಯನ್ನೂ ಡಬ್ಬಿಯಲ್ಲಿ ಮುಚ್ಚಿ ಅಂಗಡಿಯಲ್ಲಿಟ್ಟೆವು. ಅಪ್ಪನ ವರದಿಯಲ್ಲಿ ಪಾದರಸ ನಮ್ಮೆಲ್ಲರಿಗಿಂತ ಹೆಚ್ಚಿತ್ತು. ಕೈ ಕಲ್ಲಿನಂತೆ ನಿಂತಿರುವವನಲ್ಲಿ ಅಷ್ಟು ಯಾಕೆ ಎಂದು ಕೇಳಿದೆ. ಒಬ್ಬೊಬ್ಬರ ಮೈ ಒಂದೊಂದು ಥರ ಎಂದರು ಡಾಕ್ಟರು. ನಾನು ಕೊಳೆತ ತತ್ತಿಯ ಗುಳಿಗೆ ಮುಗಿಸಿದ್ದೆ. ಅವನು ಶುರು ಮಾಡಿದ. ಮೂಗು ಹಿಡಿದುಕೊಂಡು ನುಂಗುತ್ತಿದ್ದ. ಸೃಷ್ಟಿ ಎದುರು ಕೂತು ಎಣಿಸುತ್ತಿದ್ದಳು.

ಅವಳದು ಮುಂದಿನ ಪರೀಕ್ಷೆಯಲ್ಲಿ ಇಳಿಯಿತು. ಪೂರ್ತಿ ಅಲ್ಲ. ಅದರ ಮುಂದಿನದರಲ್ಲಿ ಇನ್ನಷ್ಟು ಇಳಿಯಿತು. ಈಗ ಡಾಕ್ಟರು ಆರು ತಿಂಗಳಿಗೊಮ್ಮೆ ಬನ್ನಿ ಎನ್ನುತ್ತಾರೆ. ನನ್ನ ಕೈ ಈಗಲೂ ಹರಳು ಕೂಡಿಸಲಾರದು, ಚಹಾ ಕುಡಿಯುತ್ತದೆ. ಅಂಗಡಿಯಲ್ಲಿ ಸಿದ್ಧ ಒಡವೆ ಮಾರುತ್ತೇನೆ. ಗಿರಾಕಿ ನೋಡುತ್ತಿದ್ದರೆ ಇನ್ನೂ ಒಂದಿಷ್ಟು ಬೆವರುತ್ತೇನೆ. ಇದನ್ನು ಓದುವ ಯಾರಿಗಾದರೂ ಹೀಗೇ ಆಗುತ್ತಿದ್ದರೆ, ಅದು ನಿಮ್ಮ ಸ್ವಭಾವದ ದೋಷವಲ್ಲ. ಮಂಚದ ಕೆಳಗೂ ನೋಡಿ.

ಗಾಡಿ ಬಂದದ್ದು ಬೇಸಿಗೆಯ ಆರಂಭಕ್ಕೆ. ನಾಲ್ಕೂ ಊರುಗಳಿಂದ ಬಂದ ಡಬ್ಬಿಗಳನ್ನು ನಮ್ಮ ಅಂಗಡಿಯ ಮುಂದೆ ಸಾಲಾಗಿ ಇಟ್ಟಿದ್ದೆವು. ಮುದ್ದೇಬಿಹಾಳದ ಕಾಕಾ ಬಂದಿರಲಿಲ್ಲ. ಒಂದು ಬಾಟ್ಲಿಯನ್ನು ಬೇರೆಯವರ ಕೈಯಲ್ಲಿ ಹೆಸರಿಲ್ಲದೆ ಕಳಿಸಿದ್ದರು. ಕೈಗವಸು ಹಾಕಿದ ಮನುಷ್ಯ ಒಂದೊಂದರ ಚೀಟಿ ಓದಿ ಪೀಪಾಯಿಗೆ ಇಳಿಸುತ್ತಿದ್ದ. ಗಡಿಗೆಯ ಪಾಳಿ ಬಂದಾಗ ಅಪ್ಪ ಎದ್ದು ಬಂದ. ನಾಲ್ಕು ತಲೆಮಾರಿನಿಂದ ತೊಳೆದರೂ ಬರಿದಾಗದ ಕಸ ಅದು. ಅದರಲ್ಲಿ ಎಷ್ಟು ಬಂಗಾರವಿದೆ ಎಂದು ಕೈಯಲ್ಲಿ ಎತ್ತಿಯೇ ಹೇಳಬಲ್ಲವನು ಅವನೊಬ್ಬನೇ.

"ಇದನ್ನ ಒಯ್ದು ಏನ ಮಾಡ್ತೀರಪಾ?"

"ಸಿಮೆಂಟಿನ್ಯಾಗ ಕಲಸಿ ಗಟ್ಟಿ ಮಾಡಿ ಹುಗೀತಾರ್ರಿ ಯಜಮಾನ್ರ."

"ಅದರಾಗಿನ ಬಂಗಾರ ತಗ್ಯಾಂಗಿಲ್ಲ?"

"ಇಲ್ರಿ."

"ಮುಂದ ಯಾರರೆ ಅಗದು ತಗದ್ರ?"

"ಅಗಿಯಾಕ ಬಿಡಂಗಿಲ್ರಿ. ಅದು ಯಾರಿಗೂ ಸಿಗಂಗಿಲ್ಲ."

ಅಪ್ಪ ಗಡಿಗೆಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಸುತ್ತಲೂ ಒತ್ತಿ ನೋಡಿದ. ಆಮೇಲೆ ತಾನೇ ಅದನ್ನು ಆ ಮನುಷ್ಯನ ಕಡೆ ದಬ್ಬಿದ.

"ಸಿಗಂಗಿಲ್ಲ ಅಂದ್ರ ಒಯ್ಯಿ," ಎಂದ.